ನಮ್ಮತ್ತೆಯನ್ನು ಬಲೂನು ಹತ್ತಿಸದ ಸಂಜೆ

ನಾನು ಬಲೂನು ಮಾರುತ್ತೇನೆ ಎಂದು ನಮ್ಮತ್ತೆ ದೊಡ್ಡನೆಕ್ಕುಂದಿಯ ಹಳೇ ಊರಿನ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ‘ಮಾರೋದಲ್ಲ ಅತ್ತೆ, ಜನರನ್ನ ಬುಟ್ಟೀಲಿ ನಿಲ್ಲಿಸಿ ಮೇಲಕ್ಕೆ ಕಳಿಸೋ ಬಲೂನು. ಬಿಸಿಗಾಳಿದು. ನಮ್ಮನೆಗಿಂತ ಎತ್ತರ’ ಎಂದು ಎಷ್ಟು ಸಲ ಹೇಳಿದರೂ ತಲೆಗೆ ಹಾಕಿಕೊಳ್ಳಲಿಲ್ಲ. ಅರ್ಥವಾಗಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಆಗಿತ್ತು. ‘ಅಷ್ಟೆಲ್ಲ ಓದಿಸಿ ನಿಮ್ಮಪ್ಪ ಕೊನೆಗೆ ಗಾಳಿ ತುಂಬೋ ಕೆಲಸಕ್ಕೆ ಬುಟ್ನಾ?’ ಎಂದು ಕೇಳುವ ಸುಖವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೇ.

ನಾನೂ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಮದುವೆಗೆ ಮೊದಲು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಮಷೀನುಗಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಅಲ್ಲೇ ಗಟ್ಟಿಯಾಗಿತ್ತು. ಮದುವೆಯಾಗಿ ನಗರದ ಆ ತುದಿಯಿಂದ ಈ ತುದಿಗೆ ಬಂದ ಮೇಲೆ, ಸಮಾರಂಭಗಳಿಗೆ ಬಿಸಿಗಾಳಿ ಬಲೂನು ಬಾಡಿಗೆಗೆ ಕೊಡುವ ಒಂದು ಪುಟ್ಟ ಕಂಪನಿಯವರು ಬಲೂನಿನ ಬಟ್ಟೆ, ಹೊಲಿಗೆ ನೋಡಿಕೊಳ್ಳಲು ಜನ ಬೇಕು ಎಂದರು. ಹೋದೆ. ಹೊಲಿಗೆ ನೋಡುತ್ತ ನೋಡುತ್ತ ಹಗ್ಗ ನೋಡಿದೆ, ಹಗ್ಗ ನೋಡುತ್ತ ಆಕಾಶ ನೋಡುವುದನ್ನೂ ಕಲಿತೆ. ಕೆಲವು ವರ್ಷಗಳಲ್ಲಿ ನೆಲದ ಮೇಲಿನ ಕೆಲಸಕ್ಕೆಲ್ಲ ನಾನೇ ಇನ್‌ಚಾರ್ಜ್ ಆದೆ. ಚಂದಾಪುರದಲ್ಲಿ ಲೇಔಟ್ ಉದ್ಘಾಟನೆ, ಮಾದನಾಯಕನಹಳ್ಳಿಯಲ್ಲಿ ಗೋದಾಮಿನ ಪೂಜೆ, ವೈಟ್‌ಫೀಲ್ಡ್ ಕಡೆಯ ಕಂಪನಿಗಳ ಫ್ಯಾಮಿಲಿ ಡೇ, ಎಲ್ಲ ಕಡೆಗೂ ನಮ್ಮ ಬಲೂನು ಲಾರಿ ಹತ್ತಿ ಹೋಗುತ್ತಿತ್ತು.

ನಮ್ಮ ಬಲೂನು ಊರು ಸುತ್ತುವುದಲ್ಲ. ಮೂರು ದಿಕ್ಕಿಗೆ ಮೂರು ಹಗ್ಗ ಕಟ್ಟಿ, ತೆಂಗಿನ ಮರಕ್ಕಿಂತ ಒಂದಿಷ್ಟು ಮೇಲಕ್ಕೆ ಬಿಟ್ಟು, ಸುತ್ತಲಿನ ಕಟ್ಟಡ, ಕೆರೆ ತೋರಿಸಿ ಇಳಿಸುವುದು. ಕಟ್ಟಿಹಾಕಿದೆಯಲ್ಲ, ಏನಾಗುತ್ತೆ ಎಂದು ಬಂದವರೆಲ್ಲ ಕೇಳುತ್ತಾರೆ. ಅಲ್ಲೇ ಇರುವುದು ಎಡವಟ್ಟು. ಬಿಟ್ಟ ಬಲೂನು ಗಾಳಿಯ ಜೊತೆಗೇ ಹೋಗುತ್ತದೆ, ಅದಕ್ಕೆ ಗಾಳಿಯ ಏಟು ಬೀಳುವುದೇ ಇಲ್ಲ. ಕಟ್ಟಿದ ಬಲೂನಿಗೆ ಓಡಿಹೋಗಲು ದಾರಿಯಿಲ್ಲ, ನಿಂತಲ್ಲೇ ಹೊಡೆಸಿಕೊಳ್ಳಬೇಕು. ಗಾಳಿ ಜೋರಾದರೆ ಅದು ಬಾಗಿ ಬಾಗಿ ನೆಲಕ್ಕೆ ಬಡಿಯುತ್ತದೆ. ತಲೆಯ ಮೇಲೆ ಉರಿಯುವ ಬರ್ನರು, ಕಾಲ ಬಳಿ ಗ್ಯಾಸ್ ಸಿಲಿಂಡರು, ನಡುವೆ ಮನುಷ್ಯರು. ಇದನ್ನು ನಮ್ಮ ಪೈಲಟ್ ಮೊದಲ ದಿನವೇ ಹೇಳಿ ನನ್ನ ನಿದ್ದೆ ಕೆಡಿಸಿದ್ದರು.

ಪೈಲಟ್ ಧಾರವಾಡದ ಕಡೆಯ ಹಿರಿಯರು. ಮಾತು ಕಮ್ಮಿ, ಮೀಸೆ ಜಾಸ್ತಿ. ಅವರು ಹಾಕಿಕೊಟ್ಟ ಪದ್ಧತಿ ಒಂದಿತ್ತು. ‘ನೋಡು ತಂಗಿ, ಮ್ಯಾಲೆ ನಾನು, ಕೆಳಗ ನೀನು. ಇಬ್ಬರೊಳಗ ಒಬ್ಬರು ಬ್ಯಾಡ ಅಂದ್ರ ಮುಗೀತು, ಬಲೂನ್ ಹಾರೂದಿಲ್ಲ. ಯಾಕ ಅಂತ ಇನ್ನೊಬ್ಬರು ಕೇಳೂದಿಲ್ಲ. ಕೇಳಿದ್ರ ವಾದ ಸುರು ಆಗತೈತಿ. ವಾದ ಮುಗಿಯೂದ್ರೊಳಗ ಗಾಳಿ ಬಂದಿರತೈತಿ.’ ನನ್ನಂಥ ವಾದ ಮಾಡುವವಳಿಗೆ ಇದು ಬೇವಿನ ಕಷಾಯ. ಆದರೂ ಕುಡಿದೆ, ಅಭ್ಯಾಸವಾಯಿತು. ಯಾವಾಗಲೋ ಒಮ್ಮೆ ಅವರು ಬೇಡ ಎನ್ನುತ್ತಿದ್ದರು, ಯಾವಾಗಲೋ ಒಮ್ಮೆ ನಾನು. ಕಾರಣವನ್ನು ಆಮೇಲೆ ಟೀ ಕುಡಿಯುವಾಗ ಮಾತಾಡಿಕೊಳ್ಳುತ್ತಿದ್ದೆವು.

ಮನೆಯಲ್ಲಿ ಅಂಥ ಪದ್ಧತಿಯೇನೂ ಇರಲಿಲ್ಲ. ನಮ್ಮತ್ತೆ ಒಂದು ಮಾತು ಆಡಿದರೆ ಬೀದಿಯೇ ಕೇಳಬೇಕು. ಊರು ಇನ್ನೂ ಊರಾಗಿದ್ದ ಕಾಲದಿಂದ ಇದ್ದ ಮನೆತನ. ಹೊಲ ಹೋಗಿ ಕಾರ್ಖಾನೆ ಬಂದ ಮೇಲೆ ಹಿತ್ತಲಲ್ಲಿ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿರುತ್ತಿದ್ದರು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯನ್ನು ಮಾತ್ರ ಅತ್ತೆ ಖಾಲಿ ಇಟ್ಟುಕೊಂಡಿದ್ದರು. ಅದರಲ್ಲಿ ನಾನು ಬಳೆ, ರಿಬ್ಬನ್ನು, ಕ್ಲಿಪ್ಪಿನ ಅಂಗಡಿ ಇಡಬೇಕು, ಮನೆ ಕಣ್ಣೆದುರಲ್ಲೇ ಇರಬೇಕು ಎಂಬುದು ಅವರ ಆಸೆ. ನನಗೆ ಆ ಕೋಣೆ ಕಂಡರೆ ಉಸಿರು ಕಟ್ಟುತ್ತಿತ್ತು. ನಮ್ಮ ಯಜಮಾನರು ಎರಡೂ ಕಡೆಗೆ ತಲೆಯಾಡಿಸಿ ಶಿಫ್ಟಿಗೆ ಹೋಗಿಬಿಡುತ್ತಿದ್ದರು.

ಒಂದು ದಿನ ಮಾತಿಗೆ ಮಾತು ಬೆಳೆಯಿತು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಮೊರ ಪಕ್ಕಕ್ಕೆ ತಳ್ಳಿ ಹೇಳಿದರು: ‘ಲೇ ಅಮ್ಮಯ್ಯ, ಒಂದ್ಸಲ ನನ್ನನ್ನ ಅದ್ರಲ್ಲಿ ಅತ್ತಿಸು. ಮೇಲೋಗಿ ಕೆಳಗ್ ಬಂದೆ ಅಂದ್ರೆ ನಿನ್ನ ಕೆಲಸದ ಸುದ್ದಿಗೆ ನಾನು ಬರಲ್ಲ. ಅತ್ತಿಸಕ್ಕಾಗಲಿಲ್ವಾ, ಸುಮ್ನೆ ಅಂಗಡಿ ತಗೀತೀಯ. ಏನಂತೀಯ?’

‘ಆಗಲಿ’ ಎಂದುಬಿಟ್ಟೆ. ಯೋಚನೆಯನ್ನೇ ಮಾಡಲಿಲ್ಲ. ಅಷ್ಟು ಸುಲಭದ ಷರತ್ತು ಯಾರು ಬಿಡುತ್ತಾರೆ? ಮುಂದಿನ ಶನಿವಾರವೇ ವೈಟ್‌ಫೀಲ್ಡ್ ಆಚೆ ಒಂದು ಕಂಪನಿಯ ಆವರಣದಲ್ಲಿ ಫ್ಯಾಮಿಲಿ ಡೇ ಇತ್ತು. ನಮ್ಮ ಕಡೆಯವರನ್ನು ಕರೆತರಲು ಅನುಮತಿಯನ್ನೂ ಕೇಳಿಕೊಂಡೆ. ಇನ್ನೇನು, ಗೆದ್ದಾಯಿತು ಎಂದು ಒಳಗೊಳಗೇ ಹಿಗ್ಗಿದೆ.

ಏಪ್ರಿಲ್ ತಿಂಗಳು. ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಹಾರಿಸುವುದಿಲ್ಲ, ಕಾದ ನೆಲದಿಂದ ಗಾಳಿ ಕುದಿಯುತ್ತಿರುತ್ತದೆ. ಬಿಸಿಲು ಇಳಿಯಲಿ ಎಂದು ಕಾದು, ಹಗ್ಗ ಕಟ್ಟತೊಡಗಿದೆವು. ಎರಡು ಹಗ್ಗಕ್ಕೆ ನಮ್ಮ ಲಾರಿಗಳು. ಮೂರನೆಯದಕ್ಕೆ ತುಂಬಿದ ನೀರಿನ ಟ್ಯಾಂಕರು. ಆ ಕಡೆ ಟ್ಯಾಂಕರು ಇಲ್ಲದ ಬೀದಿಯೇ ಇಲ್ಲವಲ್ಲ, ಭಾರಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕಟ್ಟಿ ಮುಗಿಸಿ ಒಂದು ಸುತ್ತು ಬರುವಷ್ಟರಲ್ಲಿ ನೋಡುತ್ತೇನೆ, ಟ್ಯಾಂಕರಿನ ಬಾಲಕ್ಕೆ ಪೈಪು ಹಾಕಿ ಹೌಸ್‌ಕೀಪಿಂಗಿನವರು ನೀರು ಬಿಟ್ಟುಕೊಂಡಿದ್ದಾರೆ! ಟಾಯ್ಲೆಟ್ಟಿನಲ್ಲಿ ನೀರು ನಿಂತುಹೋಗಿತ್ತಂತೆ. ಟ್ಯಾಂಕರು ಸುಮ್ಮನೆ ನಿಂತಿದೆ, ನೀರು ಅದರಲ್ಲೇ ಇದೆ, ತೆಗೆದುಕೊಂಡರೆ ಏನು ಎಂಬ ನ್ಯಾಯ. ನಾನು ಕೂಗಿದ ಕೂಗಿಗೆ ಅವರು ಪೈಪು ಬಿಟ್ಟು ಓಡಿದರು. ಇನ್ನೊಂದು ತುಂಬಿದ ಟ್ಯಾಂಕರು ತರಿಸಿ, ಅದರ ಡ್ರೈವರನ್ನು ಅದರ ಪಕ್ಕದಲ್ಲೇ ಕೂರಿಸಿ, ಹಗ್ಗ ಬದಲಾಯಿಸಿ, ಆಮೇಲೆ ಬರ್ನರು ಹಚ್ಚಿಸಿದೆ. ಅಷ್ಟು ಹೊತ್ತು ತಡವಾಯಿತು.

ಆ ಹೊತ್ತಿಗೆ ಅತ್ತೆಯ ಮೆರವಣಿಗೆ ಬಂತು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಹಿಂದೆ ಅವರ ಇಬ್ಬರು ತಂಗಿಯರು, ಅವರೂ ರೇಷ್ಮೆಯಲ್ಲೇ. ಮದುವೆ ಮನೆಗೆ ಬಂದವರ ಹಾಗೆ ಸಾಲಿನಲ್ಲಿ ನಿಂತು, ಮುಂದೆ ನಿಂತಿದ್ದ ಇಂಜಿನಿಯರುಗಳಿಗೆಲ್ಲ ‘ಅಗೋ ಅವ್ಳೇ ನನ್ ಸೊಸೆ, ಕೂಗಾಡ್ತಾವ್ಳಲ್ಲ, ಅವ್ಳೇ’ ಎಂದು ಪರಿಚಯ ಮಾಡುತ್ತಿದ್ದರು. ನನಗೆ ನಗುವೂ ಬಂತು, ಎದೆಯೂ ಉಬ್ಬಿತು. ಬೀದಿಯಲ್ಲಿ ಬಲೂನು ಮಾರುವವಳು ಇವತ್ತು ಅವರ ಬಾಯಲ್ಲೇ ಸೊಸೆಯಾಗಿದ್ದೆ.

ಬಲೂನು ಏರಿ ಇಳಿಯುತ್ತಿತ್ತು, ಸಾಲು ಕರಗುತ್ತಿತ್ತು. ಗಾಳಿಯ ದಿಕ್ಕು ತಿಳಿಯಲೆಂದು ಬಿದಿರು ಗಳಕ್ಕೆ ಕಟ್ಟಿದ ನೈಲಾನು ಪಟ್ಟಿಯ ಮೇಲೆ ನನ್ನ ಒಂದು ಕಣ್ಣು. ಅದು ಒಂದೇ ಕಡೆಗೆ ಮೆಲ್ಲಗೆ ಆಡುತ್ತಿತ್ತು. ಅತ್ತೆಗಿಂತ ಮುಂಚಿನ ತಂಡವನ್ನು ಕರೆದುಕೊಂಡು ಪೈಲಟ್ ಮೇಲೆ ಹೋದಾಗ, ಆ ಪಟ್ಟಿ ತಟ್ಟನೆ ಜೋತುಬಿತ್ತು. ಗಾಳಿ ಪೂರ್ತಿ ನಿಂತಿತು. ಸೆಖೆ ಮೈಗೆ ಅಂಟಿಕೊಂಡಿತು. ‘ಸಕ್ಕತ್ ಮೇಡಂ, ಗಾಳಿ ಫುಲ್ ನಿಂತೋಯ್ತು, ಈಗ ಬೇಗ ಬೇಗ ಎಲ್ಲರನ್ನೂ ಕಳಿಸ್ಬಹುದು’ ಎಂದು ಕಂಪನಿಯ ಅಡ್ಮಿನ್ ಅಧಿಕಾರಿ ಖುಷಿಯಾದರು. ಒಳ್ಳೆಯ ಮನುಷ್ಯ, ಬೆಳಿಗ್ಗೆಯಿಂದ ಎಲ್ಲರಿಗೂ ನೀರು, ಊಟ ವಿಚಾರಿಸಿಕೊಳ್ಳುತ್ತಿದ್ದರು.

ನನ್ನ ಖುಷಿ ಮಾತ್ರ ಅಲ್ಲೇ ಆರಿತು. ಹೊಸಕೋಟೆ ಕಡೆಯ ಆಕಾಶ ಮಸುಕಾಗಿತ್ತು. ಮೋಡ ಎನ್ನಲೂ ಆಗದು, ಧೂಳು ಎನ್ನಲೂ ಆಗದು, ಅಂಥದೊಂದು ಬಣ್ಣ. ಬೇಸಿಗೆಯ ಸಂಜೆ ಹೀಗೆ ಒಮ್ಮೆಲೇ ಗಾಳಿ ಸತ್ತರೆ ದೂರದಲ್ಲೆಲ್ಲೋ ಮಳೆ ಇಳಿಯುತ್ತಿರಬಹುದು, ಅದು ತಳ್ಳುವ ಗಾಳಿ ಮಳೆಗಿಂತ ಮುಂಚೆ ಬಂದು ಬಡಿಯಬಹುದು. ಬಹುದು ಅಷ್ಟೇ. ಎಷ್ಟೋ ಸಂಜೆ ಹಾಗೆ ಗಾಳಿ ನಿಂತು, ಏನೂ ಆಗದೆ ಕತ್ತಲಾಗಿದ್ದೂ ಉಂಟು. ನನ್ನ ಹತ್ತಿರ ಗ್ಯಾರಂಟಿ ಏನೂ ಇರಲಿಲ್ಲ. ಕಣ್ಣೆದುರು ಜೋತುಬಿದ್ದ ಪಟ್ಟಿ, ದೂರದಲ್ಲೊಂದು ಮಸುಕು, ಇಷ್ಟೇ. ಕೈ ಬೀಸಿ ಪೈಲಟ್‌ಗೆ ಇಳಿಯಿರಿ ಎಂದು ಸನ್ನೆ ಮಾಡಿದೆ. ಇಳಿಸಿದರು.

ತಂಡ ಇಳಿಯಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯ ಅಂಚಿಗೆ ಕೈ ಹಾಕಿದರು. ನಾನು ನಡುವೆ ನಿಂತೆ.

‘ಬೇಡ’ ಎಂದೆ.

‘ಏನ್ ಬ್ಯಾಡ?’ ಅತ್ತೆ.

‘ಇವತ್ತು ಇಷ್ಟೇ. ಬೇಡ, ಸಾರ್.’ ಪೈಲಟ್ ಕಡೆ ತಿರುಗಿ ಹೇಳಿದೆ. ಅವರು ನನ್ನ ಮುಖ ನೋಡಿದರು, ಆಕಾಶವನ್ನು ನೋಡಲೂ ಇಲ್ಲ. ಬಿಸಿಗಾಳಿ ಹೊರಗೆ ಬಿಡುವ ಕೆಂಪು ಹಗ್ಗವನ್ನು ಹಿಡಿದು ಜಗ್ಗಿದರು. ಬಲೂನಿನ ನೆತ್ತಿ ತೆರೆದುಕೊಂಡು ಬಟ್ಟೆ ಕುಗ್ಗತೊಡಗಿತು.

ಸಾಲಿನಲ್ಲಿದ್ದವರ ಬಾಯಿ ತೆರೆದುಕೊಂಡಿತು. ಬೆಳಿಗ್ಗೆಯಿಂದ ಕಾದಿದ್ದೀವಿ, ಮಕ್ಕಳು ಅಳ್ತಿದ್ದಾರೆ, ಗಾಳೀನೇ ಇಲ್ಲ, ಇದೆಂಥ ಮೋಸ! ಅಡ್ಮಿನ್‌ನವರು ‘ಒಂದೇ ಒಂದು ರೌಂಡ್ ಮೇಡಂ, ಪ್ಲೀಸ್’ ಎಂದು ಕೈ ಮುಗಿದರು. ಅದೆಲ್ಲ ತಡೆದುಕೊಂಡೇನು, ಅತ್ತೆಯ ಮುಖ ನೋಡಲಾಗಲಿಲ್ಲ. ತಂಗಿಯರ ಎದುರು, ಅಷ್ಟು ಜನರ ಎದುರು, ರೇಷ್ಮೆ ಸೀರೆಯಲ್ಲಿ ಬುಟ್ಟಿಯ ಅಂಚು ಹಿಡಿದು ನಿಂತವರನ್ನು ಸೊಸೆ ಹಿಂದಕ್ಕೆ ಕಳಿಸಿದ್ದಳು. ‘ಬೇಕೂಂತ್ಲೇ ಮಾಡಿದ್ಯ’ ಎಂದರು. ‘ಎಲ್ರೂ ಅತ್ತಿದ್ರು, ನನ್ ಸರದಿ ಬಂದಾಗ ನಿಂಗೆ ಗಾಳಿ ಕಾಣಿಸ್ತು. ಆಯ್ತು ಬುಡು. ನಾಳೆಯಿಂದ ಅಂಗಡಿ.’

ನನಗೆ ಅಳು ಬಂತು. ನಿಜವಾಗಿ ಬಂತು. ಆದರೆ ಅಳಲು ಪುರುಸೊತ್ತೆಲ್ಲಿ? ಬಟ್ಟೆ ನೆಲಕ್ಕೆ ಬಿದ್ದು ಅರ್ಧ ಗಾಳಿ ತುಂಬಿಕೊಂಡೇ ಮಲಗಿತ್ತು. ಆ ಸ್ಥಿತಿಯಲ್ಲಿ ಜೋರು ಗಾಳಿ ಬಂದರೆ ಅದು ಹಡಗಿನ ಪಟದಂತೆ ಎದ್ದು ಬುಟ್ಟಿಯನ್ನೇ ಎಳೆದುಕೊಂಡು ಜನರ ಮೇಲೆ ಹೋಗುತ್ತದೆ. ಗ್ಯಾಸ್ ಮುಚ್ಚಿಸಿ, ಪೈಲಟ್ ಅವರನ್ನೂ ಬುಟ್ಟಿಯಿಂದ ಇಳಿಸಿ, ಕಣ್ಣೊರೆಸಿಕೊಂಡು, ಗಂಟಲು ಹರಿಯುವಂತೆ ಕೂಗಿದೆ: ‘ಯಾರಾದ್ರೂ ಬನ್ರಪ್ಪಾ, ಬಟ್ಟೆ ಮೇಲೆ ಕೂತ್ಕೊಳ್ಳಿ! ಗಾಳಿ ಹೊರಗೆ ಹೋಗ್ಬೇಕು!’

ಪಕ್ಕದ ಕಟ್ಟಡದ ಕೆಲಸದಿಂದ ಬಂದು ಬೇಲಿಯ ಬಳಿ ನೋಡುತ್ತ ನಿಂತಿದ್ದವರು ಓಡಿ ಬಂದರು. ಅಡ್ಮಿನ್‌ನವರು ಬೂಟು ಬಿಚ್ಚಿ ಬಂದರು. ಬೈಯುತ್ತಿದ್ದ ಇಂಜಿನಿಯರುಗಳಲ್ಲೂ ಕೆಲವರು ಬಂದರು. ಎಷ್ಟಾದರೂ ಕೆಟ್ಟು ನಿಂತ ಬಸ್ಸು ಕಂಡರೆ ಇಳಿದು ತಳ್ಳುವ ಜನ ನಾವು. ಆಮೇಲೆ ನೋಡಿದರೆ, ನಮ್ಮತ್ತೆ! ಚಪ್ಪಲಿ ಬದಿಗಿಟ್ಟು, ತಂಗಿಯರನ್ನು ಎಳೆದುಕೊಂಡು, ಬಟ್ಟೆಯ ಉಬ್ಬಿದ ಕಡೆಗೇ ಹೋಗಿ ದೊಪ್ಪನೆ ಕೂತರು. ‘ಆರೋ ಯೋಗ ಅಂತೂ ಇಲ್ಲ, ಇದ್ರ್ ಮೇಲೆ ಕೂತಾದ್ರೂ ಓಗ್ತೀನಿ’ ಎಂದು ನನ್ನ ಕಡೆ ನೋಡದೆ ಹೇಳಿದರು. ‘ಏಯ್, ಚಪ್ಪಲಿ ಬಿಚ್ಚಿ ಬನ್ರೋ, ಬಟ್ಟೆ ಅರ್ದೋಗ್ತದೆ!’ ಎಂದು ಬಂದವರಿಗೆಲ್ಲ ಬೈದದ್ದೂ ಅವರೇ.

ಎಲ್ಲರೂ ಕೂತಿದ್ದಾರೆ. ಬಟ್ಟೆ ಉಸ್ಸೆಂದು ಇಳಿಯುತ್ತಿದೆ. ಗಾಳಿಯಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಿದರೆ ನಗುತ್ತೀರಿ. ಗಾಳಿ ಬರದಿದ್ದರೆ ಸಾಕು ಎಂದು ಇಷ್ಟು ವರ್ಷ ಬೇಡಿದವಳು, ಆವತ್ತು ಬಾ ಎಂದು ಬೇಡಿಕೊಂಡೆ. ಬಾರೋ ಮಾರಾಯ, ಬಂದು ನನ್ನ ಮಾನ ಉಳಿಸೋ. ನೀನು ಬರದಿದ್ದರೆ ನಾನು ನಾಳೆಯಿಂದ ರಿಬ್ಬನ್ನು ಅಳೆಯಬೇಕು.

ಬಂತು. ಮೊದಲು ಒಂದು ತಣ್ಣನೆಯ ಉಸಿರು ಕತ್ತಿಗೆ ತಾಗಿತು. ಬಿದಿರಿನ ಮೇಲಿನ ಪಟ್ಟಿ ಎದ್ದು, ತಿರುಗಿ, ಇಷ್ಟು ಹೊತ್ತು ಆಡುತ್ತಿದ್ದ ದಿಕ್ಕಿಗೆ ತದ್ವಿರುದ್ಧವಾಗಿ ನೆಟ್ಟಗೆ ನಿಂತಿತು. ‘ತಲೆ ತಗ್ಗಿಸಿ, ಯಾರೂ ಏಳ್ಬೇಡಿ!’ ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಧೂಳಿನ ಗೋಡೆಯೇ ನಡೆದು ಬಂದಂತಾಯಿತು. ಊಟದ ಶಾಮಿಯಾನ ಕಂಬ ಸಮೇತ ಎದ್ದು, ಬುಟ್ಟಿ ನಿಂತಿದ್ದ ಜಾಗದ ಮೇಲೆ ಮಗುಚಿತು. ಪ್ಲಾಸ್ಟಿಕ್ ಕುರ್ಚಿಗಳು ಉರುಳಾಡಿದವು. ಸ್ವಾಗತದ ಕಮಾನು ಮುರಿದು ಥರ್ಮಾಕೋಲ್ ಅಕ್ಷರಗಳೆಲ್ಲ ಬೇಲಿ ದಾಟಿದವು. ಬಟ್ಟೆ ನಮ್ಮ ಕೆಳಗೆ ಪಟಪಟ ಒದರಿತು, ಹೆದರಿದ ಎಮ್ಮೆಯ ಹಾಗೆ ಒಂದೆರಡು ಸಲ ಬೆನ್ನೆತ್ತಿತು, ಆದರೆ ಏಳಲಿಲ್ಲ. ನಮ್ಮತ್ತೆ ಕೂತಿದ್ದರಲ್ಲ! ಎರಡೂ ಮುಷ್ಟಿಯಲ್ಲಿ ಬಟ್ಟೆ ಹಿಡಿದು, ಕಣ್ಣು ಮುಚ್ಚಿ, ಊರ ದೇವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು.

ಆ ಮೊದಲ ಏಟು ಮುಗಿದು ಗಾಳಿ ಸ್ವಲ್ಪ ಸಡಿಲವಾದದ್ದೇ ತಡ, ಬಟ್ಟೆ ಸುತ್ತಿ ಚೀಲಕ್ಕೆ ತುರುಕಿ, ಮಿಂಚು ಹತ್ತಿರ ಬರುವ ಮುಂಚೆ ಎಲ್ಲರನ್ನೂ ಕಟ್ಟಡದೊಳಕ್ಕೆ ಓಡಿಸಿದೆ. ಒಬ್ಬರಿಗೂ ಒಂದು ತರಚು ಗಾಯವಿಲ್ಲ. ಗಾಜಿನಾಚೆ ಆಲಿಕಲ್ಲು ಟಪಟಪ ಬೀಳುತ್ತಿದ್ದಾಗ, ಅಷ್ಟು ಹೊತ್ತು ಬೈದಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅಯ್ಯೋ, ಆ ಚಪ್ಪಾಳೆ! ಇವತ್ತು ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ. ಅಡ್ಮಿನ್‌ನವರು ನನಗೆ ಕೈ ಕೊಟ್ಟು, ಒಂದು ಲೋಟ ಕಾಫಿ ತಂದುಕೊಟ್ಟರು.

ಅತ್ತೆ ಗಾಜಿಗೆ ಮೂಗು ಒತ್ತಿ, ಮಗುಚಿದ ಶಾಮಿಯಾನವನ್ನೇ ನೋಡುತ್ತಿದ್ದರು. ‘ಅಲ್ಲಿ ನಾನಿದ್ದಿದ್ರೆ?’ ಎಂದರು.

‘ಇದ್ದಿದ್ರೆ ನೀವು ಕೇಳಿದ್ದಕ್ಕಿಂತ ಜಾಸ್ತೀನೇ ಹಾರ್ತಿದ್ರಿ ಅತ್ತೆ’ ಎಂದೆ. ತೋಳಿಗೆ ಫಟ್ಟೆಂದು ಒಂದು ಕೊಟ್ಟರು. ಆಮೇಲೆ ಆ ತೋಳನ್ನೇ ಹಿಡಿದುಕೊಂಡು ನಿಂತರು.

ಗೆದ್ದ ಅಮಲಿನಲ್ಲಿ ನಾನು ಪೈಲಟ್ ಬಳಿ ಹೋಗಿ ‘ನೋಡಿದ್ರಾ ಸಾರ್, ಹೇಳಿದಂಗೇ ಆಯ್ತು’ ಎಂದೆ. ಅವರು ಒದ್ದೆ ಮೀಸೆ ಹಿಂಡಿಕೊಳ್ಳುತ್ತ, ‘ಗಾಳಿ ಬಂತಂತ ನಿಂದು ಖರೇ ಆತೇನು ತಂಗಿ? ಬರದಿದ್ರೂ ನೀ ಹೇಳಿದ್ದು ಖರೇನ ಇತ್ತು’ ಎಂದರು. ಸಂಭ್ರಮಕ್ಕೆ ನೀರು ಹಾಕಿದರಲ್ಲ ಎಂದು ಆಗ ಸಿಟ್ಟೇ ಬಂತು.

ಮನೆಯಲ್ಲಿ ಅತ್ತೆ ಷರತ್ತಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಲೆಕ್ಕದ ಪ್ರಕಾರ ಸೋತವಳು ನಾನೇ, ಹತ್ತಿಸಿರಲಿಲ್ಲವಲ್ಲ. ಮುಂದಿನ ವಾರ ಕೆಲಸದಿಂದ ಬಂದು ನೋಡಿದರೆ ಮುಂದಿನ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಯಾದಗಿರಿಯ ಗಂಡ ಹೆಂಡತಿ ಒಲೆ ಹೂಡಿಕೊಂಡಿದ್ದಾರೆ. ‘ಖಾಲಿ ಬಿದ್ದಿತ್ತು, ಕೊಟ್ಬುಟ್ಟೆ’ ಎಂದರು ಅತ್ತೆ, ಹುಣಸೆಹಣ್ಣು ಹಿಚುಕುತ್ತ. ಬೀದಿಯಲ್ಲಿ ಆಗಲೇ ಕಥೆ ಹಬ್ಬಿತ್ತು. ಅವರ ಕಥೆಯಲ್ಲಿ ಬಲೂನು ಹಿಡಿದು ನಿಲ್ಲಿಸಿದ್ದು ಅವರೊಬ್ಬರೇ. ನಾನು ತಿದ್ದಲು ಹೋಗಲಿಲ್ಲ.

ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ ಚಂದಾಪುರದ ಒಂದು ಲೇಔಟಿನವರು ಬೆಳಗಿನ ಹೊತ್ತಿಗೆ ಬಲೂನು ಕೇಳಿದರು. ಅತ್ತೆ ಈ ಸಲ ರೇಷ್ಮೆ ಬಿಟ್ಟು, ಸ್ವೆಟರು ಹಾಕಿಕೊಂಡು, ಎಲ್ಲರಿಗಿಂತ ಮುಂಚೆ ಬಂದು ಸಾಲಿನ ಮೊದಲಲ್ಲೇ ನಿಂತರು. ಹತ್ತಲೆಂದು ಬುಟ್ಟಿಯ ಮಗ್ಗುಲಲ್ಲಿ ಬಿಟ್ಟ ತೂತಿಗೆ ಕಾಲು ಕೊಟ್ಟು, ನನ್ನ ಹೆಗಲು ಹಿಡಿದು ಹತ್ತಿಯೂ ಹತ್ತಿದರು. ಬರ್ನರು ಒಮ್ಮೆ ಗರ್ಜಿಸಿತು. ಅತ್ತೆ ಹುಡುಗಿಯ ಹಾಗೆ ಕಿರುಚಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಗ ದೂರದ ಇಟ್ಟಿಗೆ ಗೂಡಿನ ಹೊಗೆ ಕಣ್ಣಿಗೆ ಬಿತ್ತು. ಕೆಳಗೆ ನೆಟ್ಟಗೆ ಏರುತ್ತಿದ್ದ ಹೊಗೆ, ಮೇಲೊಂದು ಎತ್ತರದಲ್ಲಿ ಚಾಕುವಿನಲ್ಲಿ ಕೊಯ್ದಂತೆ ಅಡ್ಡಕ್ಕೆ ಮುರಿದು ಓಡುತ್ತಿತ್ತು. ನೆಲದಲ್ಲಿ ಇಲ್ಲದ ಗಾಳಿ ಮೇಲಿತ್ತು, ಕೆಳಕ್ಕೆ ಇಳಿಯಲೂಬಹುದು. ಅತ್ತೆಯ ಮುಖ ನೋಡಿದೆ. ಇನ್ನೂ ನಗುತ್ತಲೇ ಇದ್ದರು.

‘ಬೇಡ, ಸಾರ್’ ಎಂದೆ.

ಪೈಲಟ್ ಕೆಂಪು ಹಗ್ಗ ಜಗ್ಗುವ ಮೊದಲೇ ಅತ್ತೆ ಇಳಿಯಲು ಕಾಲೆತ್ತಿದರು. ಇಳಿದು, ಸೀರೆ ಕೊಡವಿಕೊಂಡು ಬದಿಗೆ ನಿಂತರು.

ಆವತ್ತು ಗಾಳಿ ಬರಲಿಲ್ಲ. ನಾವು ಬಟ್ಟೆ ಮಡಿಸಿದೆವು, ಬಿಸಿಲು ಏರಿತು, ಇಟ್ಟಿಗೆ ಗೂಡಿನ ಹೊಗೆಯೂ ನೆಟ್ಟಗಾಯಿತು. ನೀಲಿ ಆಕಾಶ, ಲೇಔಟಿನ ಧ್ವಜಗಳು ಸುಮ್ಮನೆ ನೇತಾಡುತ್ತಿವೆ. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಸಾಲಿನಲ್ಲಿದ್ದ ಒಬ್ಬಾತ ಹತ್ತಿರ ಬಂದು ಕೈ ಅಗಲಿಸಿ ಕೇಳಿದ: ‘ಎಲ್ಲಿ ಮೇಡಂ ಗಾಳಿ? ತೋರಿಸಿ ನೋಡೋಣ. ಎಲ್ಲರ ಟೈಮ್ ವೇಸ್ಟ್ ಮಾಡಿದ್ರಲ್ಲ, ನಿಮಗೆ ಕೆಲಸ ಬರುತ್ತಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಮ್ಮಿಬ್ಬರ ನಡುವೆ ಬಂದು ನಿಂತಿದ್ದರು.

‘ಗಾಳಿ ಬರ್ಲಿಲ್ಲ, ನಂಗೂ ಕಣ್ಣದೆ, ಕಾಣಿಸ್ತದೆ’ ಎಂದರು. ‘ಬರ್ಲಿ ಬರದೆ ಓಗ್ಲಿ, ನನ್ ಸೊಸೆ ಬ್ಯಾಡ ಅಂದ್ಳು. ಒಳಗ್ ನಿಂತಿದ್ದ ನಾನೇ ಬಾಯ್ಮುಚ್ಕೊಂಡ್ ಇಳ್ದೀನಿ. ಬಲೂನ್ ಅತ್ತಕ್ಕೆ ನೀನ್ಯಾವನಯ್ಯ?’